ಮೊಸರನ್ನ, ಅರಿಶಿನ, ಬೇವಿನೆಣ್ಣೆ: ನಾಯಿ ಸಾಕಿದವರ ಪ್ರಶ್ನೆಗಳು

‘ಇಂಗ್ಲಿಷ್ ಔಷಧಿ ಬೇಡ, ಮನೆಯಲ್ಲೇ ಏನಾದರೂ ಮಾಡಬಹುದೇ’ ಎಂಬ ಧಾಟಿಯ ಪತ್ರಗಳೇ ಈ ಸಲ ಹೆಚ್ಚು ಬಂದಿವೆ. ಮಾಡಬಹುದಾದದ್ದು ಬೇಕಾದಷ್ಟಿದೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ಅಳೆದು ತೂಗಿ ಮಾಡುವ ಕೆಲಸ. ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇಲ್ಲದವರು ಮೊದಲು ಅದೊಂದನ್ನು ತಂದಿಟ್ಟುಕೊಂಡು ಮುಂದೆ ಓದಿ.

ನಮ್ಮದು ಸಸ್ಯಾಹಾರಿ ಮನೆ. ನಾಲ್ಕು ವರ್ಷದ ನಾಟಿ ಹೆಣ್ಣುನಾಯಿ ಇದೆ, 10 ಕೆ.ಜಿ. ತೂಕ, ಸಂತಾನಹರಣ ಆಗಿದೆ. ಎರಡು ಹೊತ್ತೂ ಮೊಸರನ್ನ, ಇಷ್ಟಪಟ್ಟು ತಿನ್ನುತ್ತಾಳೆ. ಆದರೆ ಕೂದಲು ಒರಟಾಗಿ ಉದುರುತ್ತಿದೆ. ಮೊಟ್ಟೆಗೆ ಅಡ್ಡಿಯಿಲ್ಲ, ಮಾಂಸ ಸಾಧ್ಯವಿಲ್ಲ. ಏನು ಸೇರಿಸಲಿ?
— ಮೈಸೂರಿನ ಓದುಗರು

ಮೊಸರನ್ನ ನಾಯಿಗೆ ವಿಷವಲ್ಲ, ಜೀರ್ಣವೂ ಆಗುತ್ತದೆ. ತೋಳಕ್ಕೆ ಹೋಲಿಸಿದರೆ ನಾಯಿಯಲ್ಲಿ ಪಿಷ್ಟ ಕರಗಿಸುವ ಅಮೈಲೇಸ್ ಕಿಣ್ವದ ಜೀನಿನ ಪ್ರತಿಗಳು ಹಲವು ಪಟ್ಟು ಹೆಚ್ಚಿರುವುದು 2013ರಲ್ಲೇ ಗೊತ್ತಾಗಿದೆ. ಮನುಷ್ಯರ ಜೊತೆ ಸಾವಿರಾರು ವರ್ಷ ಬಾಳಿದ್ದರ ಗುರುತು ಅದು. ತೊಂದರೆ ಇರುವುದು ಅನ್ನದಲ್ಲಿ ಏನಿಲ್ಲವೋ ಅದರಲ್ಲಿ.

ಲೆಕ್ಕ ನೋಡಿ. ನಿಮ್ಮ ನಾಯಿಗೆ ದಿನಕ್ಕೆ ಸುಮಾರು 600ರಿಂದ 630 ಕ್ಯಾಲೊರಿ ಬೇಕು. ಪ್ರತಿ 1000 ಕ್ಯಾಲೊರಿಗೆ ಕನಿಷ್ಠ 45 ಗ್ರಾಂ ಪ್ರೋಟೀನ್ ಎಂಬ ಅಳತೆಯಲ್ಲಿ ಅವಳಿಗೆ 27–28 ಗ್ರಾಂ ಸಿಗಬೇಕು. 400 ಗ್ರಾಂ ಅನ್ನ, 150 ಗ್ರಾಂ ಮೊಸರು ಕೊಟ್ಟರೆ ಕ್ಯಾಲೊರಿ ಸರಿಹೋಗುತ್ತದೆ, ಪ್ರೋಟೀನ್ ಮಾತ್ರ 16 ಗ್ರಾಂ ಹತ್ತಿರ ನಿಲ್ಲುತ್ತದೆ. ಹೊಟ್ಟೆ ತುಂಬಿರುತ್ತದೆ, ಮೈ ಹಸಿದಿರುತ್ತದೆ. ಕೂದಲು ಬಹುತೇಕ ಪ್ರೋಟೀನಿನಿಂದಲೇ ಆದದ್ದು, ಹಾಗಾಗಿ ಕೊರತೆ ಮೊದಲು ಕಾಣುವುದು ಅಲ್ಲೇ.

ದಿನದ ಪಾಲನ್ನು ಹೀಗೆ ಬದಲಿಸಿ: ಬೆಂದ ಅನ್ನ 180 ಗ್ರಾಂ, ಬೇಯಿಸಿದ ಮೊಟ್ಟೆ 3, ಮೊಸರು 100 ಗ್ರಾಂ, ಪನೀರ್ 25 ಗ್ರಾಂ, ಬೇಯಿಸಿ ಮಸೆದ ಸಿಹಿಗುಂಬಳ ಅಥವಾ ಬೀನ್ಸ್ 50 ಗ್ರಾಂ, ಸೂರ್ಯಕಾಂತಿ ಎಣ್ಣೆ 1 ಟೀ ಚಮಚ. ಒಟ್ಟು ಸುಮಾರು 640 ಕ್ಯಾಲೊರಿ, 32 ಗ್ರಾಂ ಪ್ರೋಟೀನ್. ಎಣ್ಣೆ ರುಚಿಗಲ್ಲ. ಚರ್ಮಕ್ಕೆ ಬೇಕಾದ ಲಿನೋಲಿಯಿಕ್ ಆಮ್ಲ ಸೂರ್ಯಕಾಂತಿಯಲ್ಲಿ ಧಾರಾಳವಾಗಿದೆ, ಕೊಬ್ಬರಿ ಎಣ್ಣೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮೊಟ್ಟೆಯನ್ನು ಹಸಿಯಾಗಿ ಒಡೆದು ಸುರಿಯಬೇಡಿ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್, ಬಯೋಟಿನ್ ಎಂಬ ವಿಟಮಿನನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಯಿಸಿದರೆ ಆ ಕಾಟವಿಲ್ಲ. ಮೊಟ್ಟೆಯ ಚಿಪ್ಪನ್ನು ಎಸೆಯಬೇಡಿ, ಅದರ ಉಪಯೋಗ ಮುಂದಿನ ಉತ್ತರದಲ್ಲಿದೆ. ನಿಮ್ಮ ನಾಯಿಗೆ ದಿನಕ್ಕೆ ಕಾಲು ಟೀ ಚಮಚ ಪುಡಿ ಸಾಕು.

ಇಷ್ಟಾದರೂ ಸತು, ವಿಟಮಿನ್ ಡಿ, ಅಯೋಡಿನ್, ತಾಮ್ರ ಕಡಿಮೆಯೇ ಬೀಳುತ್ತವೆ. ಧಾನ್ಯದಲ್ಲಿರುವ ಫೈಟೇಟ್ ಎಂಬ ಸಂಯುಕ್ತ, ಇರುವ ಸತುವನ್ನೂ ಹೀರಲು ಬಿಡುವುದಿಲ್ಲ. ಕಣ್ಣು, ತುಟಿಯ ಸುತ್ತ ಚರ್ಮ ಒಡೆದು ಹಕ್ಕಳೆಗಟ್ಟಿದ್ದರೆ ಸತುವಿನ ಮೇಲೆ ಅನುಮಾನಪಡಿ. ಮನೆ ಅಡುಗೆಗೆಂದೇ ತಯಾರಾದ, ನಾಯಿಗಳ ವಿಟಮಿನ್-ಖನಿಜ ಪುಡಿಯನ್ನು ಪಶುವೈದ್ಯರನ್ನು ಕೇಳಿ ತೂಕಕ್ಕೆ ತಕ್ಕಂತೆ ಬೆರೆಸಿ. ಮನುಷ್ಯರ ಮಲ್ಟಿವಿಟಮಿನ್ ಬೇಡ, ಕೆಲವದರಲ್ಲಿ ಸಿಹಿಗೆಂದು ಜೈಲಿಟಾಲ್ ಇರುತ್ತದೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ-ಒಂದು ಗಂಟೆಯಲ್ಲೇ ಕುಸಿಯುವಂತೆ ಮಾಡಬಲ್ಲದು.

ಹೊಸ ಊಟಕ್ಕೆ ಒಮ್ಮೆಲೇ ಹಾರಿದರೆ ಭೇದಿ ಗ್ಯಾರಂಟಿ. ಎರಡು ದಿನಕ್ಕೊಮ್ಮೆ ಕಾಲು ಭಾಗದಷ್ಟು ಬದಲಿಸುತ್ತ ಎಂಟು-ಹತ್ತು ದಿನ ತೆಗೆದುಕೊಳ್ಳಿ. ಕೂದಲಲ್ಲಿ ವ್ಯತ್ಯಾಸ ಕಾಣಲು ಎರಡು-ಮೂರು ತಿಂಗಳು ಬೇಕು. ಕೂದಲು ತೇಪೆ ತೇಪೆಯಾಗಿ ಉದುರಿ, ಕೆರೆತವೂ ಇದ್ದರೆ ಅದು ಊಟದ ಕತೆಯಾಗಿರಲಿಕ್ಕಿಲ್ಲ, ಕಜ್ಜಿ ಹುಳು ಇರಬಹುದು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ.

20 ಕೆ.ಜಿ. ನಾಯಿಗೆ ಕೋಳಿ, ಮೀನು, ಅನ್ನ ಮನೆಯಲ್ಲೇ ಮಾಡಿ ಹಾಕಬೇಕೆಂದಿದ್ದೇವೆ. ಅಳತೆ ಹೇಳಿ. ನಾವು ತಿಂದು ಉಳಿದ ಸಾರು, ಮೂಳೆ ಸೇರಿಸಬಹುದೇ?
— ಮಂಗಳೂರಿನ ಓದುಗರು

ಸಂತಾನಹರಣ ಆದ, ಸಾಧಾರಣ ಓಡಾಟದ 20 ಕೆ.ಜಿ. ನಾಯಿಗೆ ದಿನಕ್ಕೆ 1050 ಕ್ಯಾಲೊರಿ ಆಸುಪಾಸು ಬೇಕು. ಮೂಳೆ, ಚರ್ಮ ತೆಗೆದ ಕೋಳಿ ಮಾಂಸ 350 ಗ್ರಾಂ (ಹಸಿ ತೂಕ), ಕೋಳಿ ಲಿವರ್ 30 ಗ್ರಾಂ, ಬೂತಾಯಿ ಮೀನು 50 ಗ್ರಾಂ, ಮೊಟ್ಟೆ 1, ಬೆಂದ ಕುಚ್ಚಲಕ್ಕಿ ಅನ್ನ 300 ಗ್ರಾಂ, ತರಕಾರಿ 100 ಗ್ರಾಂ, ಸೂರ್ಯಕಾಂತಿ ಎಣ್ಣೆ 1 ಟೀ ಚಮಚ. ಎಲ್ಲವನ್ನೂ ನೀರಲ್ಲಿ ಬೇಯಿಸಿ, ಬೇಯಿಸಿದ ನೀರನ್ನೂ ಬೆರೆಸಿ, ಎರಡು ಹೊತ್ತಿಗೆ ಹಂಚಿ. ಲಿವರ್ ಇಷ್ಟವೆಂದು ಹೆಚ್ಚಿಸಬೇಡಿ. ಒಟ್ಟು ಊಟದ ನೂರಕ್ಕೆ ಐದು ಭಾಗ ದಾಟಿದರೆ ವಿಟಮಿನ್ ಎ ಮೈಯಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ.

ಈ ಪಟ್ಟಿಯಲ್ಲಿ ಎದ್ದು ಕಾಣುವ ಕೊರತೆ ಸುಣ್ಣದ ಅಂಶ. ಮಾಂಸದಲ್ಲಿ ರಂಜಕ ತುಂಬ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎರಡರ ಪ್ರಮಾಣ ಒಂದಕ್ಕೊಂದು ಸಮವಾಗಿ, ಅಥವಾ ಕ್ಯಾಲ್ಸಿಯಂ ತುಸು ಹೆಚ್ಚಾಗಿ ಇರಬೇಕು. ಇಲ್ಲವಾದರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಬಿಡುತ್ತದೆ. ವರ್ಷಗಟ್ಟಲೆ ಬರೀ ಕೋಳಿ-ಅನ್ನ ತಿಂದ ನಾಯಿಯ ದವಡೆ, ಮೂಳೆ ಟೊಳ್ಳಾಗುವುದು ಹೀಗೆ.

ಮೊಟ್ಟೆ ಚಿಪ್ಪಿನ ಪುಡಿ ಇದಕ್ಕೆ ಅಗ್ಗದ, ನಂಬಬಹುದಾದ ಪರಿಹಾರ. ಚಿಪ್ಪು ತೊಳೆದು ಹತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಮಿಕ್ಸಿಯ ಒಣ ಜಾರಿನಲ್ಲಿ ಮೈದಾದಷ್ಟು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ತರಿ ಉಳಿದರೆ ಹೀರಿಕೆಯೂ ಕಡಿಮೆ, ಗಂಟಲಿಗೂ ಚುಚ್ಚುತ್ತದೆ. ಒಂದು ಟೀ ಚಮಚ ಪುಡಿ 5 ಗ್ರಾಂ ತೂಗಿದರೆ ಅದರಲ್ಲಿ 1.9 ಗ್ರಾಂ ಕ್ಯಾಲ್ಸಿಯಂ. ಮೇಲಿನ ಊಟಕ್ಕೆ ದಿನಕ್ಕೆ ಮುಕ್ಕಾಲು ಟೀ ಚಮಚ. ಸತು, ಅಯೋಡಿನ್, ವಿಟಮಿನ್ ಇ ಇವುಗಳಿಗೆ ಮೈಸೂರಿನವರಿಗೆ ಹೇಳಿದ ಪುಡಿಯೇ ನಿಮಗೂ ಬೇಕು. ಪುಡಿಯಲ್ಲೇ ಕ್ಯಾಲ್ಸಿಯಂ ಇದ್ದರೆ ಅಷ್ಟನ್ನು ಚಿಪ್ಪಿನಲ್ಲಿ ಕಳೆಯಿರಿ.

ಉಳಿದ ಸಾರು ಬೇಡ. ಕಾರಣ ಖಾರವಲ್ಲ, ಈರುಳ್ಳಿ-ಬೆಳ್ಳುಳ್ಳಿ. ಇವುಗಳ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಒಣಗಿಸಿದರೂ ಗುಣ ಹೋಗುವುದಿಲ್ಲ. ಮೈತೂಕದ ಪ್ರತಿ ಕೆ.ಜಿ.ಗೆ 15ರಿಂದ 30 ಗ್ರಾಂ ಈರುಳ್ಳಿ ರಕ್ತದಲ್ಲಿ ಬದಲಾವಣೆ ತರಲು ಸಾಕು. ಬೆಳ್ಳುಳ್ಳಿ ಅದಕ್ಕಿಂತಲೂ ತೀಕ್ಷ್ಣ. ಒಂದು ತುತ್ತಿಗೆ ಏನೂ ಆಗದಿದ್ದರೂ ದಿನವೂ ಸ್ವಲ್ಪ ಸ್ವಲ್ಪ ಬಿದ್ದರೆ ಕೂಡುತ್ತದೆ. ವಸಡು ಬಿಳಿಚಿಕೊಂಡು ಮೂತ್ರ ಕಂದಾಗುವುದು ತಿಂದ ಮೂರು-ನಾಲ್ಕು ದಿನದ ಮೇಲೆ, ಅಷ್ಟು ಹೊತ್ತಿಗೆ ಆ ಊಟ ಯಾರಿಗೂ ನೆನಪಿರುವುದಿಲ್ಲ. ಪಾಯಸದ ಒಣದ್ರಾಕ್ಷಿಯೂ ಇದೇ ಸಾಲಿನದು, ಅದು ಕೆಡಿಸುವುದು ಮೂತ್ರಪಿಂಡವನ್ನು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ. ಬೂತಾಯಿಯ ಮುಳ್ಳು ಮಾತ್ರ ಕುಕ್ಕರಿನಲ್ಲಿ ಮೆತ್ತಗಾಗುವವರೆಗೆ ಬೆಂದರೆ ಪರವಾಗಿಲ್ಲ, ಬೆರಳಲ್ಲಿ ಹಿಸುಕಿ ನೋಡಿ ಹಾಕಿ.

ಆರು ವರ್ಷದ ಲ್ಯಾಬ್ರಡಾರ್, 38 ಕೆ.ಜಿ. ಏಳುವಾಗ ಹಿಂಗಾಲು ಎಳೆಯುತ್ತಾನೆ. ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸವೆದಿದೆ ಎಂದಿದ್ದಾರೆ, 30 ಕೆ.ಜಿ.ಗೆ ಇಳಿಸಲು ಹೇಳಿದ್ದಾರೆ. ನೋವಿನ ಮಾತ್ರೆಗೆ ಬದಲು ಅರಿಶಿನ, ಮೀನೆಣ್ಣೆ ಕೊಡಬಹುದೇ?
— ಬೆಂಗಳೂರಿನ ಓದುಗರು

ಮೊದಲು ತೂಕ. ಕೀಲುನೋವಿಗೆ ಇದಕ್ಕಿಂತ ಸಹಜವಾದ ಔಷಧಿ ಇನ್ನೊಂದಿಲ್ಲ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಜೋಡಿ ಜೋಡಿಯಾಗಿ ಸಾಕಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ನೂರಕ್ಕೆ 25ರಷ್ಟು ಕಡಿಮೆ ಊಟ ಹಾಕಿದ ಅಧ್ಯಯನ 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕಡಿಮೆ ತಿಂದವುಗಳ ಮಧ್ಯಮ ಆಯುಷ್ಯ 13 ವರ್ಷ, ಉಳಿದವುಗಳದ್ದು 11.2. ಸಂಧಿವಾತಕ್ಕೆ ಚಿಕಿತ್ಸೆ ಬೇಕಾದದ್ದೂ ತಡವಾಗಿ. ಪುಡಿ, ಗುಳಿಗೆ, ಕಷಾಯ ಯಾವುದರ ಡಬ್ಬಿಯ ಮೇಲೂ ಹೀಗೆ ಎರಡು ವರ್ಷದ ಲೆಕ್ಕ ಬರೆದಿರುವುದಿಲ್ಲ.

ಕ್ಯಾಲ್ಕುಲೇಟರಿನಲ್ಲಿ 30ನ್ನು ಮೂರು ಸಲ ಗುಣಿಸಿ (30×30×30), ಬಂದದ್ದಕ್ಕೆ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, 70ರಿಂದ ಗುಣಿಸಿ. 900ಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ತೂಕ ಇಳಿಸುವಾಗ ದಿನದ ಕ್ಯಾಲೊರಿ ಅಷ್ಟೇ. ಗುಣಿಸಬೇಕಾದದ್ದು ಇಳಿಯಬೇಕಾದ ತೂಕವನ್ನು, ಈಗಿನ 38ನ್ನಲ್ಲ. ಅಲ್ಲೇ ಹಲವರು ತಪ್ಪುತ್ತಾರೆ. ಒಂದು ಗ್ಲುಕೋಸ್ ಬಿಸ್ಕತ್ತಿನಲ್ಲಿ 20–25 ಕ್ಯಾಲೊರಿ ಇದೆ. ಬೆಳಗಿನ ಚಹಾದ ಜೊತೆ ಅಜ್ಜ ಎರಡು, ಶಾಲೆಗೆ ಹೊರಟ ಮಕ್ಕಳು ಎರಡು, ಸಂಜೆ ಮತ್ತೆರಡು ಹಾಕಿದರೆ ಅವನ ದಿನದ ಪಾಲಿನ ಆರನೇ ಒಂದು ಭಾಗ ಅಲ್ಲೇ ಮುಗಿಯಿತು. ಸೌತೆಕಾಯಿ, ಗಜ್ಜರಿ, ಬೇಯಿಸಿದ ಬೀನ್ಸ್ ಚೂರುಗಳನ್ನು ಒಂದು ಡಬ್ಬಿಯಲ್ಲಿಟ್ಟು, ಮನೆಯಲ್ಲಿ ಯಾರೇ ಕೊಡಲಿ ಆ ಡಬ್ಬಿಯಿಂದಲೇ ಎಂದು ನಿಯಮ ಮಾಡಿ. ಈಗ ಹಾಕುವ ಡಾಗ್ ಫುಡ್ಡನ್ನೇ ಅರ್ಧಕ್ಕಿಳಿಸಿದರೆ ಪ್ರೋಟೀನ್, ಖನಿಜವೂ ಅರ್ಧವಾಗುತ್ತವೆ, ಆದ್ದರಿಂದ ತೂಕ ಇಳಿಸಲೆಂದೇ ಮಾಡಿದ ಆಹಾರ ಕೇಳಿ ತನ್ನಿ. ವಾರಕ್ಕೆ ಮೈತೂಕದ ನೂರಕ್ಕೆ ಒಂದರಿಂದ ಎರಡು ಭಾಗ, ಅಂದರೆ 400ರಿಂದ 700 ಗ್ರಾಂ ಇಳಿದರೆ ಸರಿ. ಆರು ವಾರ ನಿಷ್ಠೆಯಿಂದ ಮಾಡಿಯೂ ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಮೀನೆಣ್ಣೆಗೆ ಆಧಾರವಿದೆ, ಆದರೆ ಜನ ಕೊಡುವ ಪ್ರಮಾಣಕ್ಕಲ್ಲ. ಕೀಲಿನ ಉರಿಯೂತಕ್ಕೆ 30 ಕೆ.ಜಿ. ನಾಯಿಗೆ ಮೀನೆಣ್ಣೆಯ ಒಮೆಗಾ-3 ಕೊಬ್ಬುಗಳಾದ ಇಪಿಎ, ಡಿಎಚ್ಎ ಎರಡೂ ಸೇರಿ ದಿನಕ್ಕೆ ಸುಮಾರು 4000 ಮಿ.ಗ್ರಾಂ ಬೇಕು. ಔಷಧಿ ಅಂಗಡಿಯ ಸಾಮಾನ್ಯ 1000 ಮಿ.ಗ್ರಾಂ ಗುಳಿಗೆಯಲ್ಲಿ ಇವೆರಡೂ ಸೇರಿ ಇರುವುದು 300. ದಿನಕ್ಕೊಂದು ಗುಳಿಗೆ ಹಾಕಿ ‘ಏನೂ ಪ್ರಯೋಜನವಾಗಲಿಲ್ಲ’ ಎನ್ನುವುದು ಇದಕ್ಕೇ. ಹಾಗೆಂದು ಹದಿಮೂರು ಗುಳಿಗೆ ನುಂಗಿಸಿದರೆ 115 ಕ್ಯಾಲೊರಿ ಕೊಬ್ಬು ಒಳಗೆ ಹೋಗುತ್ತದೆ, ತೂಕ ಇಳಿಸುವ ನಾಯಿಗೆ ಅದು ದುಬಾರಿ. ಇಪಿಎ-ಡಿಎಚ್ಎ 600 ಮಿ.ಗ್ರಾಂ ಇರುವ ಸಾಂದ್ರ ಗುಳಿಗೆ ಆರಿಸಿ, ಕಾಲು ಪ್ರಮಾಣದಿಂದ ಶುರುಮಾಡಿ ಮೂರು-ನಾಲ್ಕು ವಾರದಲ್ಲಿ ಪೂರ್ತಿಗೆ ಏರಿಸಿ. ಮಲ ತೆಳುವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಕಾಡ್ ಲಿವರ್ ಎಣ್ಣೆ ಬೇರೆ ವಸ್ತು. ಈ ಪ್ರಮಾಣದಲ್ಲಿ ಕೊಟ್ಟರೆ ವಿಟಮಿನ್ ಎ, ಡಿ ಮಿತಿ ಮೀರುತ್ತವೆ. ಅಗಸೆ ಎಣ್ಣೆಯ ಒಮೆಗಾ-3 ನಾಯಿಯ ಮೈಯಲ್ಲಿ ಇಪಿಎ ಆಗಿ ಬದಲಾಗುವುದು ತೀರ ಕಡಿಮೆ. ಶಸ್ತ್ರಚಿಕಿತ್ಸೆ ಇದ್ದರೆ ಮೀನೆಣ್ಣೆ ಕೊಡುತ್ತಿರುವುದನ್ನು ಮೊದಲೇ ತಿಳಿಸಿ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು.

ಅರಿಶಿನದ ಬಗ್ಗೆ ನಮಗೆ ಅಷ್ಟು ಉತ್ಸಾಹವಿಲ್ಲ. ಪುಡಿಯಲ್ಲಿ ಅದರ ಸತ್ವವಾದ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರು ಭಾಗದಷ್ಟು, ಅದರಲ್ಲೂ ಕರುಳು ಹೀರುವುದು ಚೂರುಪಾರು. ಹೀರಿಕೆ ಹೆಚ್ಚಲೆಂದು ಕಾಳುಮೆಣಸು ಬೆರೆಸಿದರೆ ಜೊತೆಗೆ ಕೊಡುವ ಬೇರೆ ಔಷಧಿಗಳ ಪ್ರಮಾಣವೂ ರಕ್ತದಲ್ಲಿ ಏರುಪೇರಾಗಬಹುದು. ಊಟದಲ್ಲಿ ಚಿಟಿಕೆ ಅರಿಶಿನ ಬಿದ್ದರೆ ಕೆಡುಕಿಲ್ಲ. ನೋವಿನ ಮಾತ್ರೆಗೆ ಬದಲಿ ಎಂದು ಎಣಿಸಬೇಡಿ. ಪಿತ್ತಕೋಶದ ತೊಂದರೆ ಇದ್ದರೆ ಅದೂ ಬೇಡ. ಮಾತ್ರೆ ನಿಲ್ಲಿಸಿ ನೋವಲ್ಲಿ ಮಲಗಿಸಿದರೆ ತೊಡೆಯ ಸ್ನಾಯು ಕರಗಿ ಕೀಲಿನ ಮೇಲೆ ಭಾರ ಇನ್ನೂ ಹೆಚ್ಚುತ್ತದೆ. ಹಾಗೆಯೇ ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಅವನಿಗಲ್ಲ.

ಕೊನೆಗೆ ನೆಲ. ನುಣುಪಾದ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ಮೇಲೆ ಹಿಂಗಾಲು ಜಾರುತ್ತಲೇ ಇದ್ದರೆ ಬೇರೆ ಯಾವ ಉಪಾಯವೂ ಹತ್ತುವುದಿಲ್ಲ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಬಾಗಿಲಿಗೆ ಗೋಣಿತಾಟು ಅಥವಾ ತಳಕ್ಕೆ ರಬ್ಬರ್ ಇರುವ ಚಾಪೆಯ ದಾರಿ ಹಾಸಿ. ಪಂಜದಡಿಯ ಉದ್ದ ಕೂದಲು ಕತ್ತರಿಸಿ. ನಡೆಯುವಾಗ ಉಗುರು ಟಕ್ ಟಕ್ ಎಂದರೆ ಅದನ್ನೂ ಕತ್ತರಿಸುವ ಕಾಲ ಬಂದಿದೆ.

ನಮ್ಮ ತೋಟದ ಮನೆಯ ನಾಯಿಗೆ ವರ್ಷಪೂರ್ತಿ ಉಣ್ಣಿ. ಬೇವಿನೆಣ್ಣೆಗೆ ಕರ್ಪೂರ ಹಾಕಿ ಹಚ್ಚುತ್ತೇವೆ, ಒಮ್ಮೊಮ್ಮೆ ಸೀಮೆಎಣ್ಣೆ. ಹೋದ ತಿಂಗಳು ಜ್ವರ ಬಂದು ಪ್ಲೇಟ್‌ಲೆಟ್ ಇಳಿಯಿತು. ಪಪ್ಪಾಯಿ ಎಲೆ ರಸ ಕುಡಿಸುತ್ತಿದ್ದೇವೆ.
— ತುಮಕೂರು ಜಿಲ್ಲೆಯ ಓದುಗರು

ಸೀಮೆಎಣ್ಣೆ ಇವತ್ತೇ ನಿಲ್ಲಿಸಿ. ಚರ್ಮ ಸುಡುತ್ತದೆ, ನೆಕ್ಕಿದಾಗ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕರ್ಪೂರ ಚರ್ಮದ ಮೂಲಕವೂ ಒಳಸೇರುತ್ತದೆ, ಫಿಟ್ಸ್ ಬರಿಸಬಲ್ಲದು. ಬರೀ ಬೇವಿನೆಣ್ಣೆ ವಾಸನೆ ಇರುವ ಕೆಲವು ಗಂಟೆ ಉಣ್ಣಿಯನ್ನು ದೂರ ಇಟ್ಟೀತು. ಕಚ್ಚಿ ಕೂತದ್ದನ್ನು ಕೊಲ್ಲುತ್ತದೆಂದು ನೆಚ್ಚುವಂತಿಲ್ಲ, ನೆಕ್ಕಿದರೆ ವಾಂತಿ.

ಇದು ನಾಯಿಯ ಮೈಮೇಲಷ್ಟೇ ಮುಗಿಯುವ ಯುದ್ಧವಲ್ಲ. ಕಂದು ಉಣ್ಣಿ ಮರಿ, ಹರೆಯ, ಪ್ರೌಢ ಎಂಬ ಮೂರು ಹಂತದಲ್ಲೂ ಒಮ್ಮೆ ರಕ್ತ ಕುಡಿದು ಕೆಳಗೆ ಉದುರುತ್ತದೆ, ಗೋಡೆ ಬಿರುಕಿನಲ್ಲಿ ಪೊರೆ ಕಳಚಿ ಮತ್ತೆ ಹತ್ತುತ್ತದೆ. ಹೊಟ್ಟೆ ಉಬ್ಬಿದ ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುವುದೂ ಅಲ್ಲೇ. ಮೈಮೇಲೆ ಹತ್ತು ಕಂಡರೆ ಗೂಡಿನ ಸುತ್ತ ನೂರಾರು ಇವೆ ಎಂದೇ ತಿಳಿಯಿರಿ. ಹಾಸಿದ ಗೋಣಿಚೀಲ ಸುಟ್ಟುಬಿಡಿ, ಬಟ್ಟೆಯಾದರೆ ಕುದಿನೀರಲ್ಲಿ ಅದ್ದಿ. ಗೂಡಿನ, ಕಟ್ಟೆಯ ಬಿರುಕುಗಳಿಗೆ ಸಿಮೆಂಟ್ ತುಂಬಿ. ನೆಲದಿಂದ ಮೇಲಕ್ಕೂ ನೋಡಿ, ಉಣ್ಣಿ ಗೋಡೆ ಹತ್ತಿ ಸೂರಿನ ಸಂದಿನಲ್ಲೂ ಮೊಟ್ಟೆ ಇಡುತ್ತದೆ. ಮೂರು ತಿಂಗಳು ಬಿಡದೆ ಮಾಡಬೇಕು.

ನಾಯಿಗೆ ತೂಕ ನೋಡಿ ಕೊಡುವ ಮಾತ್ರೆಗಳಿವೆ: ಅಫಾಕ್ಸೊಲನರ್ ತಿಂಗಳಿಗೊಮ್ಮೆ, ಫ್ಲೂರಲನರ್ ಹನ್ನೆರಡು ವಾರಕ್ಕೊಮ್ಮೆ. ಫಿಟ್ಸ್ ಬಂದ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ನಾಯಿಯ ಹನಿಮದ್ದು ತರಲೇಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ. ಕೈಯಲ್ಲಿ ಕೀಳುವಾಗ ಚಿಮಟದಲ್ಲಿ ಚರ್ಮಕ್ಕೆ ಒತ್ತಿಹಿಡಿದು ನೇರಕ್ಕೆ ಎಳೆಯಿರಿ. ಬೆಂಕಿಕಡ್ಡಿ ತಾಗಿಸಿದರೆ, ಹಿಸುಕಿದರೆ ಅದರ ಹೊಟ್ಟೆಯಲ್ಲಿರುವುದು ಗಾಯದೊಳಕ್ಕೆ ಕಕ್ಕಬಹುದು.

ನೀವು ಬರೆದದ್ದು ಉಣ್ಣಿಯಿಂದ ಬರುವ ಎರ್ಲಿಕಿಯಾ ಅಥವಾ ಬೆಬೀಸಿಯಾ (ಕೆಂಪು ರಕ್ತಕಣದ ಪರೋಪಜೀವಿ) ಸೋಂಕು ಇರಬಹುದು. ರಕ್ತ ಪರೀಕ್ಷೆಯಲ್ಲಿ ಯಾವುದೆಂದು ಗೊತ್ತಾಗಲೇಬೇಕು, ಎರಡಕ್ಕೂ ಔಷಧಿ ಬೇರೆ. ಎರ್ಲಿಕಿಯಾ ಬಿಳಿ ರಕ್ತಕಣದೊಳಗೆ ಕೂರುವ ಬ್ಯಾಕ್ಟೀರಿಯಾ, ಪ್ಲೇಟ್‌ಲೆಟ್ ಇಳಿಯುವುದು ಅದರ ಪರಿಣಾಮ. ಪಪ್ಪಾಯಿ ರಸದಿಂದ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಐದನೇ ದಿನಕ್ಕೆ ನಾಯಿ ಎದ್ದು ಊಟ ಮಾಡುತ್ತದೆ, ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ತಿಂಗಳುಗಳ ಮೇಲೆ ಅಸ್ಥಿಮಜ್ಜೆ ಬತ್ತಿದ ಸ್ಥಿತಿಯಲ್ಲಿ ಮತ್ತೆ ತರುತ್ತಾರೆ. ಮಾತ್ರೆಯನ್ನು ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ, ಅನ್ನನಾಳದಲ್ಲಿ ಅಂಟಿದರೆ ಹುಣ್ಣಾಗುತ್ತದೆ. ಕ್ಯಾಲ್ಸಿಯಂ ಪುಡಿಯನ್ನು ಅದೇ ಹೊತ್ತಿಗೆ ಹಾಕಬೇಡಿ.

ಮೂರು ತಿಂಗಳ ಜರ್ಮನ್ ಶೆಫರ್ಡ್ ಮರಿಯ ಕಾಲು ಸೊಟ್ಟಗಾಗುತ್ತಿದೆ ಎನಿಸುತ್ತದೆ. ರಾಗಿ ಗಂಜಿ, ಕ್ಯಾಲ್ಸಿಯಂ ಸಿರಪ್, ಎಳೆಬಿಸಿಲು ಸಾಕೇ? ಹುಳಕ್ಕೆ ಪಪ್ಪಾಯಿ ಬೀಜ?
— ಹಾಸನದ ಓದುಗರು

ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಧಾನ್ಯಗಳಲ್ಲಿ ಅದೇ ಮೇಲು. ಆದರೆ ಫೈಟೇಟ್ ಅದರ ಒಂದು ಪಾಲನ್ನು ಕಟ್ಟಿಹಾಕುತ್ತದೆ, ಮೇಲಾಗಿ ಬೆಳೆಯುವ ಮರಿಗೆ ಬೇಕಾದ ಪ್ರೋಟೀನ್ ರಾಗಿಯಲ್ಲಿಲ್ಲ. ಎಳೆಬಿಸಿಲು ಬೆಚ್ಚಗಿಟ್ಟೀತು, ವಿಟಮಿನ್ ಡಿ ಕೊಡದು. ನಾಯಿಯ ಚರ್ಮಕ್ಕೆ ನಮ್ಮ ಹಾಗೆ ಬಿಸಿಲಿನಿಂದ ಬೇಕಾದಷ್ಟು ಡಿ ತಯಾರಿಸುವ ಶಕ್ತಿಯಿಲ್ಲ, ಅದು ಊಟದಿಂದಲೇ ಬರಬೇಕು. ದೊಡ್ಡ ತಳಿಯ ಮರಿಗಳಿಗೆಂದೇ ಇರುವ ಸಮತೋಲಿತ ಆಹಾರ ಹಾಕಿ. ಅದರ ಒಣ ತೂಕದಲ್ಲಿ ಕ್ಯಾಲ್ಸಿಯಂ ನೂರಕ್ಕೆ 1.2ರಿಂದ 1.8ರೊಳಗೆ ಇರಲಿ. ಅದನ್ನು ಹಾಕುತ್ತಿದ್ದರೆ ಸಿರಪ್ ಬೇಡವೇ ಬೇಡ. ಈ ವಯಸ್ಸಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಹೀರಿ ಮೂಳೆಯ ಬೆಳವಣಿಗೆಯೇ ಅಡ್ಡಾದಿಡ್ಡಿಯಾಗುತ್ತದೆ, ಕಾಲು ಸೊಟ್ಟಗಾಗಲು ಅದೂ ಒಂದು ಕಾರಣ. ಈ ವಾರವೇ ಎಕ್ಸ್‌ರೇ ತೆಗೆಸಿ.

ಪಪ್ಪಾಯಿ ಬೀಜವನ್ನು ನಂಬಿ ಕೂರಬೇಡಿ. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಸೇರುತ್ತದೆ, ಕೊಕ್ಕೆಹುಳು ಹಾಲಿನಲ್ಲಿ ಬರುತ್ತದೆ. ಅದಕ್ಕೇ ಎರಡು ವಾರದ ವಯಸ್ಸಿನಿಂದ ಎರಡು ವಾರಕ್ಕೊಮ್ಮೆ, ಮೂರು ತಿಂಗಳಿಂದ ಆರರವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ. ಅಂಗಳದಲ್ಲಿ ಆಡುವ ಮಕ್ಕಳಿಗೂ ಈ ಹುಳು ದಾಟುತ್ತದೆ.

ಮುಧೋಳ ನಾಯಿ ಸಾಕೀವಿ. ಬಂದವರೆಲ್ಲ ‘ಪಕ್ಕೆಲುಬು ಕಾಣ್ತಾವ, ಉಣ್ಣಾಕ ಹಾಕೂದಿಲ್ಲೇನು’ ಅಂತಾರ. ಜೋಳದ ರೊಟ್ಟಿ, ಹಾಲು ಹಾಕ್ತೀವಿ. ದಪ್ಪ ಮಾಡೂದು ಹ್ಯಾಂಗ?
— ವಿಜಯಪುರದ ಓದುಗರು

ದಪ್ಪ ಮಾಡಬೇಡಿ. ಕಣ್ಣಿಟ್ಟು ಅಟ್ಟಿ ಬೇಟೆ ಹಿಡಿಯಲು ಹುಟ್ಟಿದ ತಳಿ ಅದು. ಕೊನೆಯ ಎರಡು-ಮೂರು ಪಕ್ಕೆಲುಬು ಕಂಡರೆ ಸರಿಯಾಗಿಯೇ ಇದೆ. ಬೆನ್ನಮೂಳೆಯ ಗಂಟುಗಳು ಒಂದೊಂದಾಗಿ ಎದ್ದು ಕಂಡರೆ, ತೊಡೆ ಸೊರಗಿದ್ದರೆ ಮಾತ್ರ ಚಿಂತೆ. ರೊಟ್ಟಿ ಹಾಲು ಇರಲಿ, ಮೇಲೆ ದಿನಕ್ಕೆರಡು ಬೇಯಿಸಿದ ಮೊಟ್ಟೆ ಅಥವಾ 150 ಗ್ರಾಂ ಮಾಂಸ ಬೀಳಲಿ. ಹಾಲಿನಿಂದ ಮಲ ತೆಳುವಾದರೆ ಮಜ್ಜಿಗೆ, ಮೊಸರಿಗೆ ಬದಲಿಸಿ. ಒಂದು ಮಾತು ನೆನಪಿಡಿ: ಈ ಬಗೆಯ ತೆಳುಮೈ ನಾಯಿಗಳಲ್ಲಿ ಥಯೊಪೆಂಟೋನ್ ಅರಿವಳಿಕೆ ಬೇಗ ಇಳಿಯುವುದಿಲ್ಲ, ಶಸ್ತ್ರಚಿಕಿತ್ಸೆಗೆ ಹೋದಾಗ ತಳಿ ಯಾವುದೆಂದು ಮೊದಲೇ ಹೇಳಿ. ತಳಿಯ ಕುರಿತ ಪ್ರಶ್ನೆಗಳಿಗೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ.

ಬಾಯಿ ವಾಸನೆ ಹೋಗಲು ಹಸಿ ಮೂಳೆ ಕಡಿಯಲು ಕೊಡಬಹುದೇ?
— ಧಾರವಾಡದ ಓದುಗರು

ದನದ ಗಟ್ಟಿ ಮೂಳೆ, ಕೊಂಬು, ಗೊರಸು ಬೇಡ. ಮೇಲ್ದವಡೆಯ ದೊಡ್ಡ ದವಡೆಹಲ್ಲು ಚಕ್ಕೆಯಾಗಿ ಸೀಳುವುದು ಇವುಗಳಿಂದಲೇ. ನಿಮ್ಮ ಉಗುರು ಒತ್ತಿದರೆ ಗುರುತು ಮೂಡದಷ್ಟು ಗಟ್ಟಿಯಾದ ಯಾವುದೂ ನಾಯಿಯ ಬಾಯಿಗೆ ಬೇಡ. ಹಲ್ಲಿನ ಮೇಲಿನ ಮೆತ್ತನೆ ಪಾಚಿ ಎರಡು-ಮೂರು ದಿನದಲ್ಲಿ ಕಲ್ಲಾಗುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಉಜ್ಜುವುದು ಉಜ್ಜದ ಹಾಗೆಯೇ. ತೆಳು ಹತ್ತಿ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ, ಒದ್ದೆ ಮಾಡಿ, ತುಟಿ ಎತ್ತಿ ಹಲ್ಲಿನ ಹೊರಮೈಯನ್ನು ಮಾತ್ರ ದಿನಕ್ಕೆ ಒಂದು ನಿಮಿಷ ತಿಕ್ಕಿ. ಒಳಮೈಯನ್ನು ನಾಲಿಗೆ ನೋಡಿಕೊಳ್ಳುತ್ತದೆ. ಎರಡು ವಾರಕ್ಕೆ ರೂಢಿಯಾದ ಮೇಲೆ ಮೆತ್ತನೆ ಬ್ರಷ್, ನಾಯಿಯ ಪೇಸ್ಟ್. ನಮ್ಮ ಪೇಸ್ಟ್ ಬೇಡ, ನುಂಗಿದರೆ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಉಪ್ಪು, ಇದ್ದಿಲೂ ಬೇಡ, ವಸಡಿಗೆ ಉರಿ. ಈಗಾಗಲೇ ಹಳದಿ ಕಲ್ಲು ಕಟ್ಟಿದ್ದರೆ ಯಾವ ಬ್ರಷ್ಷಿಗೂ ಹೋಗದು, ಅರಿವಳಿಕೆ ಕೊಟ್ಟು ಶುಚಿ ಮಾಡಿಸಿ ಆಮೇಲೆ ಶುರುಮಾಡಿ.

ಫ್ಲ್ಯಾಟಿನಿಂದ ಹೊರಗೆ ಹೋಗದ ನಾಯಿಗೂ ವರ್ಷಾ ವರ್ಷ ಲಸಿಕೆ ಬೇಕೇ? ಸಹಜ ರೋಗನಿರೋಧಕ ಶಕ್ತಿ ಬೆಳೆಸಲಾಗದೇ?
— ಬೆಂಗಳೂರಿನ ಇನ್ನೊಬ್ಬ ಓದುಗರು

ರಕ್ತಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನಿಮ್ಮ ಚಪ್ಪಲಿಯಲ್ಲೇ ಮನೆಗೆ ಬರುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ: ಮರಿಯ ಸರಣಿ, ಅದರ ವರ್ಷದೊಳಗಿನ ಬೂಸ್ಟರ್ ಸರಿಯಾಗಿ ಆಗಿದ್ದರೆ ಪಾರ್ವೊ, ಡಿಸ್ಟೆಂಪರ್ ಲಸಿಕೆಗಳನ್ನು ಮೂರು ವರ್ಷಕ್ಕೊಮ್ಮೆ ಹಾಕಿದರೂ ಸಾಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ನಿಮ್ಮ ವೈದ್ಯರೊಡನೆ ಚರ್ಚಿಸಿ. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ಲಸಿಕೆಯ ಬಲ ವರ್ಷಕ್ಕೇ ಮುಗಿಯುತ್ತದೆ, ಮಳೆಗಾಲಕ್ಕೆ ಮುಂಚೆ ಹಾಕಿಸಿ. ರೇಬೀಸ್‌ಗೆ ಚೌಕಾಶಿ ಇಲ್ಲ: ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು, ನಮ್ಮಲ್ಲಿ ವರ್ಷಕ್ಕೊಮ್ಮೆ. ಯಾವ ಹೋಮಿಯೋಪತಿ ಗುಳಿಗೆಯೂ, ಕಷಾಯವೂ ಅದರ ಬದಲಿಯಲ್ಲ.

ಹನ್ನೆರಡು ವರ್ಷದ ಪೊಮೆರೇನಿಯನ್ ಹೆಣ್ಣು, 8 ಕೆ.ಜಿ. ತುಂಬ ನೀರು ಕುಡಿಯುತ್ತದೆ. ಕಿಡ್ನಿಗೆ ಒಳ್ಳೆಯದೆಂದು ಬಾರ್ಲಿ ನೀರು ಕೊಡುತ್ತಿದ್ದೇವೆ, ಮೊಟ್ಟೆ ನಿಲ್ಲಿಸಿದ್ದೇವೆ.
— ಚಿಕ್ಕಮಗಳೂರಿನ ಓದುಗರು

‘ತುಂಬ’ ಎಂದರೆ ಎಷ್ಟು? ಮೂರು ದಿನ ಅಳೆಯಿರಿ. ಬೆಳಿಗ್ಗೆ ಅಳತೆ ಪಾತ್ರೆಯಲ್ಲಿ 1 ಲೀಟರ್ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದು ಕಳೆಯಿರಿ. ಬೇರೆಲ್ಲೂ ಕುಡಿಯದಂತೆ ಬಚ್ಚಲಿನ ಬಾಗಿಲು ಹಾಕಿ. ಕೆ.ಜಿ.ಗೆ 50–60 ಮಿ.ಲೀ. ಸಾಮಾನ್ಯ. 100 ಮಿ.ಲೀ. ದಾಟಿದರೆ, ನಿಮ್ಮ ನಾಯಿಗೆ ದಿನಕ್ಕೆ 800 ಮಿ.ಲೀ. ಮೀರಿದರೆ, ಅದು ರೋಗದ ಸೂಚನೆ. ಮೂತ್ರಪಿಂಡ, ಸಕ್ಕರೆ ಕಾಯಿಲೆ, ಅಡ್ರಿನಲ್ ಗ್ರಂಥಿ ಯಾವುದೂ ಇರಬಹುದು. ಸಂತಾನಹರಣ ಆಗಿಲ್ಲದಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಶಂಕೆಯೇ ಮೊದಲು. ಬೆದೆಗೆ ಬಂದು ಒಂದೆರಡು ತಿಂಗಳೊಳಗೆ ಹೀಗಾಗಿದ್ದರೆ, ಊಟ ಬಿಟ್ಟಿದ್ದರೆ, ಮೂರು ದಿನ ಅಳೆಯುತ್ತ ಕೂರದೆ ಇವತ್ತೇ ಕರೆದೊಯ್ಯಿರಿ.

ಬಾರ್ಲಿ ನೀರಿನಿಂದ ಹಾನಿಯಿಲ್ಲ, ಕಿಡ್ನಿಗೆ ಲಾಭವೂ ಇಲ್ಲ. ಪರೀಕ್ಷೆಯಿಲ್ಲದೆ ಮೊಟ್ಟೆ ನಿಲ್ಲಿಸಿದ್ದು ತಪ್ಪು. ವಯಸ್ಸಾಯಿತೆಂದು ಪ್ರೋಟೀನ್ ಇಳಿಸಿದರೆ ಕರಗುವುದು ಸ್ನಾಯು. ಇಳಿಸಬೇಕಾದದ್ದು ಮೂತ್ರಪಿಂಡದ ರೋಗ ಖಚಿತವಾದ ಮೇಲೆ, ಅದೂ ಹಂತ ನೋಡಿ. ರಾತ್ರಿ ಮನೆಯಲ್ಲಿ ಒದ್ದೆ ಮಾಡುತ್ತದೆಂದು ನೀರಿನ ಬಟ್ಟಲು ಎತ್ತಿಡಲೂಬೇಡಿ. ಮೂತ್ರಪಿಂಡ ಹೊರಹಾಕಬೇಕಾದ ಕಲ್ಮಷವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವ ಹೊತ್ತಿಗೆ ಮೂತ್ರಪಿಂಡದ ಮುಕ್ಕಾಲು ಶಕ್ತಿ ಹೋಗಿರುತ್ತದೆ, ಹಾಗಾಗಿ ರಕ್ತದ ಜೊತೆ ಮೂತ್ರದ ಸಾಂದ್ರತೆಯನ್ನೂ ನೋಡಿಸಬೇಕು. ಬೆಳಗಿನ ಮೊದಲ ಮೂತ್ರವನ್ನು, ಕೂತಾಗ ಹಿಂದಿನಿಂದ ತೊಳೆದು ಒಣಗಿಸಿದ ಉದ್ದ ಹಿಡಿಯ ಸೌಟು ಚಾಚಿ ಹಿಡಿಯಿರಿ. 10 ಮಿ.ಲೀ. ಸಾಕು. ಸ್ವಚ್ಛ ಬಾಟಲಿಗೆ ಸುರಿದು ಫ್ರಿಜ್ಜಿನಲ್ಲಿಟ್ಟು, ನಾಲ್ಕು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿ. ನೀರಿನ ಮೂರು ದಿನದ ಲೆಕ್ಕ ಬರೆದ ಚೀಟಿಯನ್ನೂ ಜೊತೆಗೆ ಕೊಡಿ.